ನೀಲವ್ವನ ಕಡೆಯ ಶಾವಿಗೆ

೧೪-೫-೧೯೮೬, ಬುಧವಾರ. ಗಂಗಾನಗರ.

ಶಾವಿಗೆಯಲ್ಲಿ ಹುಳು ಕಾಣಿಸಿತು. ಹೋದ ಬೇಸಿಗೆಯಲ್ಲಿ ಹೆಂಡತಿ ನೀಲವ್ವ ಊರಲ್ಲಿ ಹೊಸೆದು ತಂದದ್ದು. ಶ್ರಾವಣದಲ್ಲಿ ಅವಳೇ ತೀರಿಹೋದಳು. ಬೇಯಿಸಿದರೆ ಮುಗಿದುಹೋಗುತ್ತದೆಂದು ಇಷ್ಟು ದಿನ ಡಬ್ಬಿ ಮುಟ್ಟಿರಲಿಲ್ಲ.

ಬೇಸರಕ್ಕೆ ಆರ್.ಟಿ. ನಗರದ ಚೀನೀ ಹೋಟೆಲಿಗೆ ಹೋದೆ. ಮಾಲೀಕ ಲಿಯಾವ್ ಬೆಂಗಳೂರಲ್ಲೇ ಹುಟ್ಟಿದವನು. ಹಕ್ಕಾ ನೂಡಲ್ಸ್ ತಂದಿಟ್ಟ, ಅವನಪ್ಪನ ಊರಿನ ಅಡುಗೆಯಂತೆ. ಒಂದೆಳೆ ಎತ್ತಿದೊಡನೆ ಊರು ಕಣ್ಣಮುಂದೆ ಬಂತು. ನರಗುಂದದ ನಮ್ಮ ಅಂಗಳ, ಕೋಲಿನ ಮೇಲೆ ಒಣಗುವ ಶಾವಿಗೆ, ಅದರ ಹಿಂದೆ ನೀಲವ್ವನ ಮುಖ.

"ಇದಕ್ಕ ಚೂರು ಹಾಲು, ಬೆಲ್ಲ ಕೊಡ್ರಿ" ಎಂದುಬಿಟ್ಟೆ.

"ಏನ್ ಸಾರ್, ಸೋಯಾ ಸಾಸ್‌ಗೆ ಬೆಲ್ಲಾನಾ? ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಓಡಿಸ್ತಿದ್ರು!"

ಐ ಆ್ಯಮ್ ನಾಟ್ ಹಂಗ್ರಿ, ಐ ಆ್ಯಮ್ ಓನ್ಲಿ... ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ, ಮುಂದಿನ ಪದ ಕಾಲೇಜಿನಲ್ಲೇ ಉಳಿದಿದೆ. ಕನ್ನಡದಲ್ಲೇ ಡಬ್ಬಿಯ ವಿಷಯ ಹೇಳಿದೆ. ಅವನ ನಗು ನಿಂತಿತು.

"ನಮ್ಮಮ್ಮ ಮಾಡಿದ್ದನ್ನ ನಾನೂ ಹಿಂಗೇ ಇಟ್ಕೊಂಡಿದ್ದೆ. ಎಲ್ಲಾ ಪುಡಿಯಾಯ್ತು. ಇವತ್ತೇ ಬೇಯ್ಸಿ ಸಾರ್. ಎಳೆ ಮಾತ್ರ ಮುರೀಬೇಡಿ, ಆಯಸ್ಸು ಮುರಿದಂಗೆ ಅಂತಾರೆ ನಮ್ಮಲ್ಲಿ."

ಯಾರ ಆಯಸ್ಸು ಎಂದುಕೊಳ್ಳುತ್ತ ಎದ್ದೆ.

ಮನೆಗೆ ಬಂದು ಹುಳು ತೆಗೆದು ಶಾವಿಗೆ ಹಸನು ಮಾಡಿದೆ. ಒಬ್ಬನಿಗೆಂದು ಕೊಂಡ ಪಾತ್ರೆ, ಚಿಕ್ಕದು. ಆದರೂ ಮುರಿಯದೆ ನಿಲ್ಲಿಸಿ ಹಿಡಿದೆ. ಕುದಿಯುವ ನೀರಿನಲ್ಲಿ ತಾನೇ ಮೆತ್ತಗಾಗಿ, ಬಾಗಿ, ಒಳಗಿಳಿಯಿತು. ಹಾಲು ಬೆಲ್ಲ ಹಾಕಿಕೊಂಡು ಉಂಡೆ. ಹಿಟ್ಟಿಗೆ ಅವಳು ಹಾಕಿದ್ದ ಉಪ್ಪು ನಾಲಗೆಗೆ ಹತ್ತಿತು.

ಡಬ್ಬಿ ತೊಳೆಯಲಿಲ್ಲ. ತಳದಲ್ಲಿ ಇನ್ನೂ ಸ್ವಲ್ಪ ಪುಡಿ ಇದೆ, ಅದನ್ನು ಹಾಗೇ ಮುಚ್ಚಿಟ್ಟಿದ್ದೇನೆ.