ಯಾರೂ ಕಾಣುತ್ತಿಲ್ಲ ಎಂದ ಅಜ್ಜನಿಗೆ

ಔಸೆರ್ದ್ ನಿರಾಶ್ರಿತರ ಶಿಬಿರ, ಟಿಂಡೂಫ್ ಬಯಲು
ನವೆಂಬರ್ ೧೯೯೮, ಶುಕ್ರವಾರ, ಗಾಳಿ ಸ್ವಲ್ಪ ಇಳಿದ ಮೇಲೆ

ಪ್ರೀತಿಯ ಅಜ್ಜಾ,

ನಿನಗೆ ಸಲಾಮು. ನಿನ್ನ ಮೊಣಕಾಲಿಗೆ ಬೇರೆಯಾಗಿ ಇನ್ನೊಂದು ಸಲಾಮು. ಅಂದು ಕುರ್ಚಿಯಿಂದ ಏಳುವಾಗ ಅದು ನಿನಗಿಂತ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ದಾಖ್ಲಾದ ಸಮುದ್ರದ ತೇವ ಮೂಳೆಗೆ ಇಳಿಯುತ್ತದೆ ಎಂದು ಅಮ್ಮ ಕೊರಗುತ್ತಾಳೆ. ಉಣ್ಣೆ ಬಟ್ಟೆ ಸುತ್ತಿಕೊಳ್ಳುತ್ತೀಯಾ? ಕೆಮ್ಮು ಹೇಗಿದೆ? ಅಲ್ಲಿ ಮೀನು ಅಷ್ಟೊಂದು ಸಿಗುತ್ತದಂತೆ, ತಿನ್ನುತ್ತೀಯೋ ಇಲ್ಲವೋ? ನಾವೆಲ್ಲ ಕ್ಷೇಮ. ಕ್ಷೇಮ ಎಂದರೆ ಪಡಿತರದ ಮಸೂರ ಬೇಳೆ ಬಂದಿದೆ, ಗುಡಾರ ಹಾರಿಹೋಗಿಲ್ಲ, ಕಪ್ಪು ಆಡು ಅವಳಿ ಮರಿ ಹಾಕಿದೆ, ನಾನು ಕೋಪದಿಂದ ಕುದಿಯುತ್ತಿದ್ದೇನೆ.

ಅಮ್ಮ ನಿನಗೆ ‘ನೀವು’ ಎನ್ನುತ್ತಾಳೆ. ನಾನು ‘ನೀನು’ ಎನ್ನುತ್ತೇನೆ. ಹುಟ್ಟಿ ಹತ್ತೊಂಬತ್ತು ವರ್ಷಕ್ಕೆ ನಿನ್ನನ್ನು ಕಂಡದ್ದು ಒಂದೇ ಸಲ, ಅದೂ ಮೇಜಿನ ಆಚೆ ಬದಿಯಲ್ಲಿ. ಆದರೂ ಅಜ್ಜನ ಗಡ್ಡ ಎಳೆಯುವ ಅಧಿಕಾರ ಮೊಮ್ಮಗಳಿಗೆ ನಮ್ಮಲ್ಲಿ ಹುಟ್ಟಿನಿಂದಲೇ ಉಂಟು. ಈ ಮರಳಿನಲ್ಲಿ ಯಾರ ಮೊಹರೂ ಇಲ್ಲದೆ ನನಗೆ ಸಿಕ್ಕ ಹಕ್ಕು ಅದೊಂದೇ, ಹಾಗಾಗಿ ಅದನ್ನು ಪೂರ್ತಿಯಾಗಿ ಚಲಾಯಿಸುತ್ತೇನೆ. ಹೆತ್ತಪ್ಪನ ಮುಂದೆ ಗಂಡನ ಮಾತು ಎತ್ತಲು ಅಮ್ಮನಿಗೆ ಬಾಯಿ ಬರುವುದಿಲ್ಲ. ಮಾವನ ಮುಂದೆ ಅಪ್ಪನಿಗೆ ಬಾಯಿಯೇ ಇಲ್ಲ. ಉಳಿದವಳು ನಾನು.

ಮೊದಲು ಪ್ರಕರಣದ ಹಿನ್ನೆಲೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಗೊತ್ತಿರುವುದನ್ನೇ ಗೊತ್ತಿರುವವರಿಗೆ ಮತ್ತೆ ಮತ್ತೆ ಹೇಳಬೇಕು ಎಂಬ ವಿದ್ಯೆಯನ್ನು ನಾನು ಘನತೆವೆತ್ತ ಗುರುತಿನ ಆಯೋಗದಿಂದ ಕಲಿತಿದ್ದೇನೆ. ನಮ್ಮ ನಾಡು ನಮ್ಮದೋ, ಅದನ್ನು ಹಿಡಿದು ಕೂತ ರಾಜನದೋ ಎಂದು ನಮ್ಮನ್ನೇ ಕೇಳಿ ಮತ ಹಾಕಿಸುತ್ತೇವೆ ಎಂದು ಲೋಕದ ದೇಶಗಳೆಲ್ಲ ಸೇರಿ ಕಳಿಸಿದ ನೀಲಿ ಬಾವುಟದವರು ಮಾತು ಕೊಟ್ಟಾಗ ನನಗೆ ಹನ್ನೆರಡು ವರ್ಷ. ಮರಳಿ ಹೋಗುವುದಕ್ಕೆಂದು ಅಮ್ಮ ಮರದ ಪೆಟ್ಟಿಗೆ ಮಾಡಿಸಿದಳು. ಆ ಪೆಟ್ಟಿಗೆಯ ಮೇಲೆ ಕೂತು ನಾನು ಕಡೆಯ ಹಾಲುಹಲ್ಲು ಬೀಳಿಸಿಕೊಂಡೆ, ಶಾಲೆ ಮುಗಿಸಿದೆ, ದೊಡ್ಡವಳಾದೆ. ಮತ ಬರಲಿಲ್ಲ. ಮತ ಹಾಕುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕಂತೆ. ಒಂಟೆಯ ಬೆನ್ನ ಮೇಲೆ ಹುಟ್ಟಿದವರ ಬಳಿ ಕಾಗದ ಎಲ್ಲಿಂದ ಬರಬೇಕು? ಅದಕ್ಕೇ ಒಂದೊಂದು ಕುಲಕ್ಕೂ ಸಾಕ್ಷಿ ಹೇಳಲು ಇಬ್ಬರು ಹಿರಿಯ ಶೇಖರು, ನಾಡನ್ನು ಸೀಳಿದ ಮರಳಿನ ಗೋಡೆಯ ಈ ಕಡೆಯವರೊಬ್ಬರು, ರಾಜನ ಆಳ್ವಿಕೆಯ ಆ ಕಡೆಯವರೊಬ್ಬರು. ಅವರು ಎದುರಿಗೆ ಕೂತು ‘ಹೌದು, ಇವನು ಇಂಥವನ ಮಗ’ ಎಂದರೆ ಮನುಷ್ಯ ಹುಟ್ಟಿದ್ದು ನಿಜ. ಇಲ್ಲವಾದರೆ ಇಲ್ಲ.

ಅಪ್ಪನನ್ನೂ ನನ್ನನ್ನೂ ಗುರುತಿಗೆ ಕರೆದ ವಾರವೇ ನಮ್ಮ ಕಡೆಯ ಶೇಖರು ಆಸ್ಪತ್ರೆ ಸೇರಿದ್ದರು, ಅವರ ಕುರ್ಚಿ ಖಾಲಿ. ನಿಮ್ಮ ಕಡೆಯಿಂದ ಬೇರೆ ಯಾರೋ ಬರುತ್ತಾರೆ ಎಂದು ಹೇಳಿದ್ದರು. ಅಪ್ಪ ಮೀಸೆ ಕತ್ತರಿಸಿಕೊಂಡು, ಹೊಸ ಮುಂಡಾಸು ಸುತ್ತಿ, ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಒಪ್ಪಿಸುತ್ತ ಬಂದ. “ಅಪ್ಪಾ, ಇಷ್ಟೊಂದು ಸತ್ತವರನ್ನ ಕರ್ಕೊಂಡು ಹೋದ್ರೆ ಒಳಗೆ ಜಾಗ ಸಾಲಲ್ಲ” ಎಂದು ನಾನು ಚುಡಾಯಿಸಿದೆ. “ಸುಮ್ನಿರೇ ಸುಯೆಲ್ಮಾ, ಮಧ್ಯೆ ಒಬ್ಬ ತಪ್ಪಿ ಹೋದ” ಎಂದು ಮೊದಲಿನಿಂದ ಶುರು ಮಾಡಿದ. ಒಳಗೆ ಕಾಲಿಟ್ಟರೆ ಮೇಜಿನ ಹಿಂದೆ ಕೂತದ್ದು ನೀನು!

ನಮ್ಮಲ್ಲಿ ಅಳಿಯ ಮಾವನ ಕಣ್ಣಿಗೆ ಬೀಳಬಾರದು, ಮಾವನೂ ಅಳಿಯನತ್ತ ನೋಡಬಾರದು. ನಿನ್ನ ಮಗಳನ್ನು ಕಟ್ಟಿಕೊಂಡ ದಿನದಿಂದ ಅಪ್ಪ ನಿನ್ನ ಎದುರು ಕೂತಿಲ್ಲ, ಉಂಡಿಲ್ಲ, ಚಹಾ ಕುಡಿದಿಲ್ಲ. ನೀನು ಬಾವಿಗೆ ಬಂದರೆ ಅವನು ಬಾಯಾರಿದ ಒಂಟೆಗಳನ್ನು ಹೊಡೆದುಕೊಂಡು ಹೊರಟುಬಿಡುತ್ತಿದ್ದನಂತೆ. ಆಮೇಲೆ ನಡುವೆ ಮರಳಿನ ಗೋಡೆ ಎದ್ದಿತು, ಗೋಡೆಗೆ ನೆಲಬಾಂಬು ಹೂತರು, ಸೈನ್ಯ ಕಾವಲು ನಿಂತಿತು. ಮಾವನಿಂದ ಮುಖ ತಪ್ಪಿಸಲು ಇಷ್ಟೊಂದು ಏರ್ಪಾಡು ಇರುವ ಮರ್ಯಾದಸ್ಥ ಅಳಿಯ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ.

ಅಂಥವನು ನಿನ್ನನ್ನು ಕಂಡದ್ದೇ ಮುಂಡಾಸನ್ನು ಮೂಗಿನವರೆಗೆ ಎಳೆದ, ಕಣ್ಣಿನವರೆಗೆ ಎಳೆದ, ಕಡೆಗೆ ಕಬ್ಬಿಣದ ಬೀರುವಿನ ಹಿಂದೆ ಸರಿದು ನಿಂತ. ಯುದ್ಧದಲ್ಲಿ ತೊಡೆಗೆ ಗುಂಡು ಬಿದ್ದಾಗಲೂ ಇಷ್ಟು ಚುರುಕಾಗಿ ಓಡಿರಲಿಕ್ಕಿಲ್ಲ. ಹಳದಿ ಗಡ್ಡದ ಅಧಿಕಾರಿ ಎದ್ದು ನಿಂತು ಬೀರುವಿನತ್ತ ಕೈ ತೋರಿಸಿ, ಇವರು ನಿಮ್ಮ ಕುಲದವರೇ, ನೋಡಿ ಹೇಳಿ ಎಂದ. ನೀನು ತಲೆಯೆತ್ತಿ ತಿರುಗದ ಫ್ಯಾನನ್ನೇ ನೋಡುತ್ತ, “ನಂಗೆ ಇಲ್ಲಿ ಯಾರೂ ಕಾಣ್ತಾ ಇಲ್ಲ” ಎಂದೆ. ಎಂಥ ನಯ, ಎಂಥ ಗಾಂಭೀರ್ಯ! ನಮ್ಮವರು ಯಾರೇ ಕೇಳಿದ್ದರೂ, ಇಂಥ ಮಾವ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ, ಅಜ್ಜಾ. ನಗು ಇನ್ನೂ ಗಂಟಲಲ್ಲಿರುವಾಗಲೇ ಯಾವುದೋ ದೂರದ ಪಟ್ಟಣದ ದುಭಾಷಿ ತನ್ನ ಟೈ ನೇವರಿಸಿಕೊಂಡು, “ಶೇಖರು ಈ ವ್ಯಕ್ತಿಯನ್ನ ಗುರುತಿಸ್ತಾ ಇಲ್ಲ” ಎಂದ. ಏನಾದರೂ ಹೇಳುವುದಿದೆಯೇ ಎಂದು ಬೀರುವನ್ನು ಕೇಳಿದರು. ಬೀರು ಒಮ್ಮೆ ಕೆಮ್ಮಿತು. ತಿರಸ್ಕೃತ ಎಂಬ ಮೊಹರು ಬಿತ್ತು.

ಮುಂದಿನ ಸರದಿ ನನ್ನದು. ನೀನು ನನ್ನನ್ನು ನೋಡಿ ಎಷ್ಟು ಅರಳಿದೆ! “ಈ ಮೂಗು ನಮ್ಮಮ್ಮಂದು. ನನ್ನ ಮಗಳು ಗಾಲಿಯಾಳ ಮಗಳು ಇವಳು, ಇನ್ಯಾರು?” ಎಂದೆ. ತಂದೆ ಯಾರು ಎಂದು ಕೇಳಿದರು. ಎಂಬಾರೆಕ್ ಎಂದು ನಾನು ಹೇಳಿದೆ, ಆದರೆ ನಾನು ಹೇಳಿದರೆ ಸಾಲದು. ನಿನ್ನನ್ನು ಕೇಳಿದರು. ನೀನು ಮತ್ತೆ ಫ್ಯಾನು ನೋಡಿದೆ. ಮುತ್ತಜ್ಜಿಯ ಮೂಗಿಗೆ ನಿಯಮದಲ್ಲಿ ಜಾಗವಿಲ್ಲವಂತೆ, ತಂದೆಯ ಕಡೆಯಿಂದಲೇ ಲೆಕ್ಕವಂತೆ, ನನಗೂ ಮೊಹರು ಬಿತ್ತು. ಆಗ ನಿನ್ನ ಹಿಂದೆ ಕೂತಿದ್ದ ರಾಜನ ಕಡೆಯ ವೀಕ್ಷಕ, ಆ ಬೂದು ಸೂಟಿನವನು, ನಮ್ಮ ಎರಡು ಮತ ಕಳೆದವೆಂದು ಮೀಸೆಯೊಳಗೇ ನಕ್ಕ. ನನ್ನ ನಗು ಅಲ್ಲಿಗೆ ನಿಂತದ್ದು ಇವತ್ತಿಗೂ ಸರಿಯಾಗಿ ಶುರುವಾಗಿಲ್ಲ.

ಅಧಿಕಾರಿ ಜೀಪು ಹತ್ತುವಾಗ ನಾನು ಅಡ್ಡ ನಿಂತೆ. “ಅಯ್ಯಾ, ಅವ್ರು ಗುರುತು ಹಿಡಿದಿದ್ದಕ್ಕೇ ಮುಖ ತಿರುಗಿಸಿದ್ದು. ಗುರುತಿಲ್ಲದವನಾಗಿದ್ರೆ ನೆಟ್ಟಗೆ ನೋಡ್ತಿದ್ರು!” ಎಂದೆ. ಅವನು ಪೂರ್ತಿ ಕೇಳಿದ. ಕೇಳಿ, ಬಹಳ ಸ್ವಾರಸ್ಯವಾದ ಸಂಪ್ರದಾಯ ಎಂದ. ನನ್ನದೊಂದು ಫೋಟೊ ತೆಗೆದುಕೊಂಡ. ಮೇಲ್ಮನವಿ ಹಾಕಬಹುದು ಎಂದು ಹೇಳಿ ಹೊರಟುಹೋದ. ನಮ್ಮ ಬದುಕನ್ನು ತೂಗಿ ನೋಡಲು ಬಂದವರಿಗೆ ನಮ್ಮ ಬದುಕು ಸ್ವಾರಸ್ಯ! ಬಯ್ದಿದ್ದರೆ ಮರೆಯುತ್ತಿದ್ದೆ.

ಅದಕ್ಕೇ ಮಾರನೆಯ ಬೆಳಿಗ್ಗೆ ದೊಡ್ಡಿಯಲ್ಲಿ ಆಡುಗಳ ಗುರುತಿನ ಆಯೋಗ ಸ್ಥಾಪಿಸಿದೆ. ನೀಲಿ ಬಕೆಟ್ಟು ತಲೆಗೆ ಹಾಕಿಕೊಂಡು ಡಬ್ಬದ ಮೇಲೆ ಕೂತು, ‘ಈ ಮರಿ ತಮ್ಮದೇ?’ ಎಂದು ಒಂದೊಂದು ಆಡನ್ನೂ ವಿಚಾರಿಸಿದೆ. ದುಭಾಷಿಯಿಲ್ಲದೆ ಎಲ್ಲವೂ ಮೂಸಿ ಹೇಳಿದವು. ಮತದ ಹಕ್ಕು ಸಿಗದ ಆಡು ಒಂದೂ ಇಲ್ಲ. ಕೇರಿಯ ಮಕ್ಕಳು ಬಿದ್ದು ಬಿದ್ದು ನಕ್ಕರು, ಅಮ್ಮ ಬಂದು ಬಕೆಟ್ಟಿನ ಮೇಲೇ ಒಂದು ಬಿಟ್ಟಳು.

ಆದರೆ ಎಲ್ಲರೂ ನಗುತ್ತಿಲ್ಲ. ಅಪ್ಪನ ತಂಗಿ ನುವೇನಾ ಅತ್ತೆ ಚಹಾ ಹೊತ್ತಿಗೆ ಬಂದು, “ಆ ಕಡೆ ಉಪ್ಪು ತಿಂದೋರಿಗೆ ಈ ಕಡೆ ಅಳಿಯ ಹೇಗೆ ಕಾಣ್ತಾನಮ್ಮಾ? ಹಿಂದೆ ಸೂಟು ಕೂತಿತ್ತಲ್ಲ, ಅದನ್ನ ನೋಡಿ ಹೆದರಿದ್ರು ನಿಮ್ಮಪ್ಪ” ಎಂದಳು. ಅಮ್ಮ ಲೋಟ ಕೆಳಗಿಟ್ಟಳು. “ನಮ್ಮಪ್ಪ ಮರ್ಯಾದಸ್ಥ. ನಿನ್ನ ಚಹಾ ಮುಗೀತು, ಎದ್ದೇಳು” ಎಂದಳು. ನಮ್ಮಲ್ಲಿ ಮೂರು ಲೋಟ ಕುಡಿದೇ ಏಳಬೇಕಾದ ಅತಿಥಿಯನ್ನು ಮೊದಲ ಲೋಟಕ್ಕೇ ಎಬ್ಬಿಸುವುದೆಂದರೆ ಏನೆಂದು ನಿನಗೆ ಹೇಳಬೇಕಿಲ್ಲ. ಅಪ್ಪ ಮಾತ್ರ, “ಮಾವ ಸರಿಯಾಗೇ ಮಾಡಿದ್ರು, ನಾನಾಗಿದ್ರೂ ಹಂಗೇ ಮಾಡ್ತಿದ್ದೆ” ಎಂದು ಮೂಲೆಯಲ್ಲಿ ಕೂತ. ಮುಂಡಾಸು ಬಿಚ್ಚಿ ಮಡಚುತ್ತ, ಯಾರಿಗೂ ಅಲ್ಲದ ಹಾಗೆ, “ಈ ನೆಲಕ್ಕೆ ಏನಾಗ್ಬೇಕು ಅಂತ ಒಂದೇ ಒಂದ್ಸಲ ನನ್ನನ್ನ ಕೇಳಿದ್ರೆ ಸಾಕಿತ್ತು” ಎಂದ. ಗುಂಡು ತಿನ್ನುವಾಗ ಯಾರೂ ಅವನ ಗುರುತು ಕೇಳಲಿಲ್ಲ, ಅಜ್ಜಾ. ಕಾಗದವೊಂದನ್ನು ಡಬ್ಬಕ್ಕೆ ಹಾಕಲು ಮಾತ್ರ ಕೇಳುತ್ತಾರೆ.

ನನಗೆ ಆಯೋಗದ ಮೇಲೆ ಕೋಪ, ಟೈ ಕಟ್ಟಿದ ದುಭಾಷಿಯ ಮೇಲೆ ಕೋಪ, ಬೀರುವಿನ ಮೇಲೂ ಕೋಪ. ನಿನ್ನ ಮೇಲಿನ ಕೋಪ ಮಾತ್ರ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ. ನಾಚಿಕೆಯಿಂದ ನೀನು ಮುಖ ತಿರುಗಿಸಿದ್ದರೆ ನಿನ್ನ ಗಡ್ಡಕ್ಕೆ ಮುತ್ತಿಡುತ್ತೇನೆ. ಹೆದರಿಕೆಯಿಂದಾದರೆ? ನಾನೂ ಅಲ್ಲೇ ಇದ್ದೆ. ನೋಡಿದೆ, ನೋಡಿಯೂ ತಿಳಿಯಲಿಲ್ಲ.

ಮೇಲ್ಮನವಿ ಹಾಕಿದ್ದೇವೆ. ರಂಜಾನ್ ಮುಗಿದ ಮೇಲೆ ವಿಚಾರಣೆಯಂತೆ, ನಿನ್ನನ್ನು ಮತ್ತೆ ಕರೆತರುತ್ತಾರಂತೆ. ಬರಹದ ಸಾಕ್ಷಿ ನಡೆಯುವುದಿಲ್ಲ, ನೀನೇ ಬರಬೇಕು, ಮುಖ ನೋಡಿ ಬಾಯಿಬಿಟ್ಟು ಹೇಳಬೇಕು. ಅಮ್ಮ ನಿನ್ನ ನೆತ್ತಿಗೆ ಮುತ್ತು ಕಳಿಸಿದ್ದಾಳೆ. ಅವಳಿ ಮರಿಗಳೂ ನಮಸ್ಕಾರ ಹೇಳಿವೆ. ನನಗಾಗಿ ದುವಾ ಮಾಡು, ಒಳ್ಳೆಯ ಬುದ್ಧಿ ಬರಲಿ ಎಂದಲ್ಲ, ಇರುವ ಬುದ್ಧಿ ಕೆಲಸಕ್ಕೆ ಬರಲಿ ಎಂದು.

ನಿನ್ನ ತಾಯಿಯ ಮೂಗಿನ ಸದ್ಯದ ಒಡತಿ,
ಆಡುಗಳ ಆಯೋಗದ ಅಧ್ಯಕ್ಷೆ,
ಸುಯೆಲ್ಮಾ

ಮರೆತದ್ದು: ಕಾಗದ ಒಯ್ಯುವವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನೆ ಖಾಜಿಯ ಮುಂದೆ ಅಪ್ಪ ಅಮ್ಮನಿಗೆ ತಲಾಖ್ ಕೊಟ್ಟ. ಜಗಳವಿಲ್ಲ, ಕೇಳಿದವಳು ಅಮ್ಮನೇ. ನಮ್ಮಲ್ಲಿ ಗುಡಾರ ಹೆಂಗಸಿನದಲ್ಲವೇ, ಅಪ್ಪ ಕಂಬಳಿ ಹೊತ್ತು ನುವೇನಾ ಅತ್ತೆಯ ಗುಡಾರಕ್ಕೆ ಹೊರಟ. “ಅಲ್ಲಿ ಗಾಳಿ ಜಾಸ್ತಿ” ಎಂದು ಅಮ್ಮ ತನ್ನ ಕಂಬಳಿಯನ್ನೂ ಅವನ ಹೆಗಲಿಗೆ ಹಾಕಿದಳು. ಮೂರು ತಿಂಗಳೊಳಗಾದರೆ ಸುಲಭವಾಗಿ ಮತ್ತೆ ಕೂಡಬಹುದಂತೆ. ಆದರೆ ವಿಚಾರಣೆಗೆ ಆಯೋಗ ಹೇಳಿದ ತಿಂಗಳಿಗೆ ಎಂದಾದರೂ ಬಂದಿದೆಯೇ? ಅದು ಗೊತ್ತಿದ್ದೇ ಇಬ್ಬರೂ ಹೂಂ ಅಂದರು. ಎಂಬಾರೆಕ್ ಈಗ ನಿನ್ನ ಅಳಿಯನಲ್ಲ, ಅಜ್ಜಾ. ಅವನ ಮುಖ ನೋಡಲು ನಿನಗಿನ್ನು ಯಾವ ನಾಚಿಕೆಯೂ ಬೇಕಿಲ್ಲ. ಮುಂದಿನ ಸಲವೂ ನೀನು ಕಣ್ಣು ತಪ್ಪಿಸಿದರೆ, ಅದು ಮರ್ಯಾದೆಯಲ್ಲವೆಂದು ಅಮ್ಮನಿಗೆ ಗೊತ್ತಾಗಿಬಿಡುತ್ತದೆ.