ರಾಜನ ಬದಲಿಗೆ

ಮುಂಡರಗಿ, ಗುರುವಾರ

ಅಮೀರಾಳ ಅಬ್ಬಾಗೆ ಸಲಾಂ.

ಶೂಟಿಂಗ್‌ನವರು ನಿಮ್ಮ ಫೋನ್ ಇಸಿದುಕೊಂಡಿರುವುದರಿಂದ ಈ ಕಾಗದವನ್ನು ಸಂಗಪ್ಪನವರ ಟಂಟಂ ಆಟೊದಲ್ಲಿ ರೊಟ್ಟಿ ಡಬ್ಬಿಯೊಂದಿಗೆ ಕಳಿಸುತ್ತಿದ್ದೇನೆ. ಮೊದಲು ಓದಿ, ಆಮೇಲೆ ಊಟ ಮಾಡಿ.

ನಮ್ಮ ಕುದುರೆ ಕಳುವಾಗಿಲ್ಲ. ನಾನೇ ಅದನ್ನು ಹಿರೇಹಂದಿಗೋಳದ ಅಕ್ಕನ ಮನೆಗೆ ಸಾಗಿಸಿದೆ. ಹೋದ ಸಿನಿಮಾದಲ್ಲಿ ಹೀರೊ ದೊಡ್ಡ ಕನಸು ಕಾಣುವ ಬಸ್ ಕ್ಲೀನರ್ ಆಗಿದ್ದ. ಅವನ ಬದಲು ಬಸ್ಸಿನ ಮೇಲಿಂದ ಜಿಗಿದವರು ನೀವು. ಥೇಟರಿನಲ್ಲಿ ಜನ ಅವನ ಮುಖಕ್ಕೆ ಸಿಳ್ಳೆ ಹೊಡೆದರು. ನಿಮ್ಮ ಬಲಗೈ ಇನ್ನೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಈ ಸಲ ಅವನು ರಾಜ, ಅವನ ಬದಲು ನಮ್ಮ ಕುದುರೆಯ ಮೇಲೆ ಉರಿಯುವ ಕೋಟೆ ಬಾಗಿಲನ್ನು ದಾಟಬೇಕು ಎಂದು ನೀವು ಹೇಳಿದ ದಿನ ಹಂಚಿನ ಮೇಲೆ ರೊಟ್ಟಿ ಸೀದದ್ದೂ ನನಗೆ ತಿಳಿಯಲಿಲ್ಲ. ಕುದುರೆಯೇ ಇಲ್ಲದಿದ್ದರೆ ಆ ದೃಶ್ಯ ಕೈಬಿಡುತ್ತಾರೆ ಎಂದುಕೊಂಡೆ.

ಕುದುರೆ ಸಿಕ್ಕಿತೇ ಎಂದು ಕೇಳಲು ಈಗ ಶೂಟಿಂಗ್ ಮ್ಯಾನೇಜರು ಬಂದಿದ್ದರು. ಇಲ್ಲವೆಂದೆ.

"ಚಿಂತಿ ಬಿಡ್ರಿ ಅಕ್ಕಾರ, ಬ್ಯಾರೆ ಕುದುರಿ ತರ್ಸೇವಿ," ಎಂದರು.

"ಅದು ಬೆಂಕಿ ಕಂಡೈತೇನ್ರಿ?"

"ಇಲ್ರಿ. ಹೆದರಿ ಹಾರಿದ್ರನ ಸೀನ್ ಖರೆ ಕಾಣತೈತಿ."

ನಮ್ಮ ಕುದುರೆ ನಿಮ್ಮ ದನಿ ಕೇಳಿದರೆ ನಿಲ್ಲುತ್ತಿತ್ತು. ಇದಕ್ಕೆ ನಿಮ್ಮ ದನಿಯೇ ಗೊತ್ತಿಲ್ಲ. ತಪ್ಪು ನನ್ನದು, ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ. ರಾಜನ ಉಡುಪು ಅಲ್ಲೇ ಕಳಚಿಟ್ಟು ಇದೇ ಟಂಟಂ ಹತ್ತಿ. ನಿಮ್ಮನ್ನು ಕರೆದುಕೊಳ್ಳದೆ ಮರಳಬೇಡಿ ಎಂದು ಸಂಗಪ್ಪನವರಿಗೆ ಹೇಳಿದ್ದೇನೆ.

ಬೆಂಕಿ ಹಚ್ಚುವುದು ಸಂಜೆಗೆ ಎಂದಿದ್ದರು. ಆದರೆ ಶೂಟಿಂಗ್ ನಡೆಯುವ ಗುಡ್ಡದ ಕಡೆ ಈಗಲೇ ಹೊಗೆ ಏಳುತ್ತಿದೆ.

ಬಾಗಿಲಲ್ಲೇ ನಿಂತಿದ್ದೇನೆ,
ನಸ್ರೀನ