ವಾಸಿಯಾದ ಮಗುವಿಗೆ ಅರ್ಧ ಗಂಟೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕ್ಯಾನ್ಸರ್‌ನಿಂದ ಬದುಕಿ ಬಂದ ಹುಡುಗಿಯೊಬ್ಬಳನ್ನು ತಾವು ಮತ್ತು ನಾನು ಸೇರಿ ಶಾಲೆ ಬಿಡಿಸಿದ್ದೆವು. ನಿಯಮ ತಮ್ಮದು, ಕೈ ನನ್ನದು.

ಚಿನಕುರಳಿ ಕಡೆಯ ರಮ್ಯ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ರಕ್ತದ ಕ್ಯಾನ್ಸರ್‌ಗೆ ವರ್ಷಗಟ್ಟಲೆ ಚಿಕಿತ್ಸೆ ಪಡೆದು ಈ ಜೂನ್‌ನಲ್ಲಿ ಶಾಲೆಗೆ ಮರಳಿದಳು. ಕೂದಲು ಬೆಳೆದಿತ್ತು, ಮುಖ ತುಂಬಿಕೊಂಡಿತ್ತು. ಎಲ್ಲ ಮುಗಿಯಿತೆಂದು ಶಿಕ್ಷಕರೆಲ್ಲ ಸಿಹಿ ಹಂಚಿದೆವು. ಆದರೆ ಲೆಕ್ಕ ಬಿಡಿಸುತ್ತ ಬಿಡಿಸುತ್ತ ಅವಳು ನಡುವೆಯೇ ನಿಂತುಬಿಡುತ್ತಿದ್ದಳು. ಔಷಧಿಗಳಿಂದಾಗಿ ಯೋಚನೆ ನಿಧಾನವಾಗಿದೆ, ಬುದ್ಧಿಗೇನೂ ಆಗಿಲ್ಲ, ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ವೈದ್ಯರು ಹೇಳಿದ್ದರು. ಅದನ್ನೇ ತಮ್ಮಲ್ಲಿ ಕೇಳಿದೆ. "ವಾಸಿಯಾದ ಮೇಲೆ ಇನ್ನೆಂಥ ರಿಯಾಯಿತಿ?" ಎಂದಿರಿ. ಕಾಯಿಲೆ ಮರುಕಳಿಸಿದ್ದರೆ ತಮ್ಮ ಕಚೇರಿಗೆ ಅನುಕೂಲವಾಗುತ್ತಿತ್ತೇ? ಸಾಯುವವರಿಗೆ ಮಾತ್ರ ಕರುಣೆ, ಬದುಕಿದವರಿಗೆ ಗಡಿಯಾರವೇ?

ತಮ್ಮನ್ನು ಪ್ರಶ್ನಿಸುವ ನಾನಾದರೂ ಏನು ಮಾಡಿದೆ? ಅರ್ಧವಾರ್ಷಿಕ ಪರೀಕ್ಷೆಯ ಗಂಟೆ ಬಾರಿಸಿದಾಗ ಅವಳು ಇನ್ನೂ ಬರೆಯುತ್ತಿದ್ದಳು. "ಇನ್ನೊಂದ್ ಚೂರು ಟೈಮ್ ಕೊಡಿ ಮಿಸ್, ನಂಗ್ ಗೊತ್ತದೆ," ಎಂದು ಉತ್ತರಪತ್ರಿಕೆಯನ್ನು ಎದೆಗೆ ಒತ್ತಿಹಿಡಿದಳು. ಇಡೀ ಕೋಣೆ ನೋಡುತ್ತಿತ್ತು. ನಾನು ಅದನ್ನು ಎಳೆದುಕೊಂಡೆ. ಮರುದಿನದಿಂದ ಅವಳು ಬರಲಿಲ್ಲ.

ನಾಚಿಕೆಯಿಂದಲೇ ಅವರ ಮನೆಗೆ ಹೋದೆ. ಅವಳ ತಂದೆ ಚಲುವರಾಜು ಹಾಲು ಕರೆಯುತ್ತಿದ್ದವರು ಎದ್ದು ಬಂದರು. "ಆಸ್ಪತ್ರೇಲೂ ಇಂಗೆ ಅತ್ತಿರ್ಲಿಲ್ಲ ಕಣ್ ಮಿಸ್. ಇಸ್ಕೂಲು ಅಂದ್ರೆ ಮುಸುಕಾಕ್ಕೊಂಡ್ ಮಲಿಕ್ಕತಾಳೆ."

ರಮ್ಯ ಬಾಗಿಲಲ್ಲೇ ನಿಂತು ಕೇಳಿದಳು: "ನನ್ ತಲೆ ಕೆಟ್ಟೋಗದಾ ಮಿಸ್?"

"ಇಲ್ಲ ಕಣಮ್ಮ," ಎಂದು ಜಗಲಿಯ ಮೇಲೆ ಕೂರಿಸಿಕೊಂಡು ಪರೀಕ್ಷೆಯ ಅದೇ ಲೆಕ್ಕಗಳನ್ನು ಕೊಟ್ಟೆ. ಅವಸರ ಮಾಡಲಿಲ್ಲ. ನಿಂತಳು, ಅಳಿಸಿದಳು, ಮತ್ತೆ ಬರೆದಳು. ಎಲ್ಲವೂ ಸರಿಯಾಗಿದ್ದವು.

"ಅಂಗಾದ್ರೆ ಅವತ್ತ್ಯಾಕೆ ಕಿತ್ಕಂಡ್ರಿ?"

ನಿಯಮದ ಹೆಸರು ಹೇಳದೆ, "ಮುಂದಿನ ಸಲ ನೀನು ಮುಗಿಸೋವರೆಗೂ ಕಾಯ್ತೀನಿ," ಎಂದೆ. ತಾವಾಗಿದ್ದರೆ ಏನು ಹೇಳುತ್ತಿದ್ದಿರಿ?

ಬೇಡಿಕೆ ಇಷ್ಟೇ. ಇಂಥ ಮಕ್ಕಳಿಗೆ ಹೆಚ್ಚಿನ ಸಮಯ ಕೊಡುವ ಆದೇಶವನ್ನು ವಾರ್ಷಿಕ ಪರೀಕ್ಷೆಗೆ ಮುಂಚೆ ಹೊರಡಿಸಿ. ಚಿಕಿತ್ಸೆಯ ನಂತರ ಅವರಿಗೆ ಕಲಿಸುವುದು ಹೇಗೆಂದು ನಮಗೆ, ಶಿಕ್ಷಕರಿಗೆ, ಮೊದಲು ಕಲಿಸಿ. ಆದೇಶ ಬಾರದಿದ್ದರೂ ರಮ್ಯ ಬರೆದು ಮುಗಿಸುವವರೆಗೆ ನಾನು ಕಾಯುತ್ತೇನೆ. ಅದಕ್ಕೆ ನೋಟಿಸು ಕಳಿಸುವುದಾದರೆ ಕಳಿಸಿ.

ಸೋಮವಾರ ಅವಳು ತರಗತಿಗೆ ಬಂದಳು. ಹಾಜರಿ ಕರೆದಾಗ ಓಗೊಟ್ಟಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಇಂತಿ,
ಇಷ್ಟು ದಿನ ತಮಗೆ ಅತಿ ವಿಧೇಯಳಾಗಿದ್ದ
ಪದ್ಮ, ಗಣಿತ ಶಿಕ್ಷಕಿ